ಸಾಂತುವಿನ ಹಳೇ ಗಿಟಾರು

ಬಹಳ ಕಾಲದ ಹಿಂದೆ, ಹೊಳೆ ಹೋಗಿ ಸಮುದ್ರ ಸೇರುವ ಅಳಿವೆಯ ದಂಡೆಯಲ್ಲಿ, ಒಂದು ಊರಿನಲ್ಲಿ, ಸಾಂತು ಎಂಬ ದೋಣಿಯವನಿದ್ದನಂತೆ. ದೋಣಿಗೆ ಹೆಂಚು ತುಂಬಿಕೊಂಡು ಹೊಳೆಯ ಮೇಲೂರುಗಳಿಗೆ ಹೋಗುವುದು ಅವನ ಕೆಲಸ. ಕಡಲ ನೀರು ಏರಿ ಭರತವಿದ್ದಾಗ ದೋಣಿ ಮುಂದಕ್ಕೆ, ಇಳಿತವಾದರೆ ಮರಳದಿಬ್ಬದ ಮೇಲೆ ಬಿಡಾರ. ಅಲ್ಲೇ ಗಂಜಿ, ಅಲ್ಲೇ ನಿದ್ದೆ. ಹೋದವನು ಯಾವತ್ತು ಬರುತ್ತಾನೆಂದು ಹೊಳೆಗೂ ಗೊತ್ತಿರಲಿಲ್ಲವಂತೆ.

ಅವನ ಹೆಂಡತಿ ರೆಮೆತಿ ಸಂಜೆಯಾದರೆ ದಂಡೆಯಲ್ಲಿ ಕೂರುತ್ತಿದ್ದಳು. ದೀಪ ಹಚ್ಚಿದ ಮೇಲೆ ನೀರಿನ ಮೇಲೆ ಯಾರ ಹೆಸರನ್ನೂ ಕೂಗಬಾರದು ಎಂಬುದು ಆ ದಂಡೆಯ ಕಟ್ಟಳೆ. ಕೂಗಿದರೆ ನೀರು ಹೆಸರು ಕಲಿಯುತ್ತದೆ, ಆಮೇಲೆ ತಾನೇ ಕರೆಯುತ್ತದೆ ಎನ್ನುತ್ತಿದ್ದರು. ಹಾಗಾಗಿ ಮಬ್ಬಿನಲ್ಲಿ ದೋಣಿಗಳು ಮೂಕವಾಗಿ ಬರುತ್ತಿದ್ದವು. ಪ್ರತಿ ದೋಣಿಗೂ ರೆಮೆತಿ ಎದ್ದು ನಿಲ್ಲುವಳು, ಬೇರೆಯವರದಾದರೆ ಮತ್ತೆ ಕೂರುವಳು.

"ಬರ್ತಾ ಇರೋದು ನೀನೇ ಅಂತ ಗೊತ್ತಾಗೋ ಹಾಗೆ ಏನಾದರೂ ಮಾಡು ಮಾರಾಯ. ಎದ್ದು ಕೂತು ನನ್ನ ಮಂಡಿ ಹೋಯ್ತು," ಎಂದಳಂತೆ.

ಸಾಂತು ಗಿಟಾರು ಕೊಳ್ಳೋಣವೆಂದು ಬಂದರಿಗೆ ಹೋದ. ಹಿಂದೆ ಇಗರ್ಜಿಯಲ್ಲಿ ಏಸುವಿನ ಹಾಡು ಹಾಡುವವರ ಜೊತೆ ಕೂತು ಗಿಟಾರು ಬಾರಿಸುವುದನ್ನು ಅಷ್ಟಿಷ್ಟು ಕಲಿತಿದ್ದನಂತೆ. ಹೊಸ ಗಿಟಾರುಗಳು ಕನ್ನಡಿಯಂತೆ ಹೊಳೆಯುತ್ತಿದ್ದವು, ಆದರೆ ಒಂದೇ ಮಳೆಗೆ ಬಾಯಿಬಿಡುವಂಥವು. ಗುಜರಿ ಮಾರುವ ಜೈನಾಬಿಯ ಅಂಗಡಿಯಲ್ಲಿ ಒಂದು ಹಳೆಯದಿತ್ತು. ಯಾವುದೋ ಹಡಗಿನವರು ಬಿಟ್ಟುಹೋದದ್ದು. ಬಣ್ಣ ಹೋಗಿತ್ತು, ಮೇಲೆ ಬೆಕ್ಕು ಮಲಗಿತ್ತು. ಸಾಂತು ಬೆಕ್ಕನ್ನು ಎಬ್ಬಿಸಿ, ಹೆಂಚಿನ ಬಿರುಕು ನೋಡುವವರ ಹಾಗೆ, ಗಿಟಾರಿನ ಬೆನ್ನನ್ನು ಗೆಣ್ಣಿನಿಂದ ಬಡಿದು ಬಡಿದು ಕಿವಿಗೊಟ್ಟನಂತೆ.

"ಮನೆ ಮಾಡಿಗೆ ಹೊದೆಸ್ತೀಯೇನೋ ತಮ್ಮಾ?" ಎಂದಳು ಜೈನಾಬಿ.

ಒಂದು ಬುಟ್ಟಿ ಒಣಸಿಗಡಿಗೆ ವ್ಯಾಪಾರ ಮುಗಿಯಿತು. ಸಿಗಡಿಯಿಂದ ಬೆಕ್ಕಿಗೂ ಸಮಾಧಾನವಾಯಿತು ಎನ್ನುತ್ತಾರೆ.

ದೋಣಿಯವನಿಗೆ ಮರವೆಂದರೆ ಎಲ್ಲವೂ ದೋಣಿಯೇ. ನೀರು ತಾಗದಿರಲಿ ಎಂದು ಸಾಂತು ಗಿಟಾರಿನ ಒಳಗೂ ಹೊರಗೂ ದೋಣಿಗೆ ಬಳಿಯುವ ಗೇರೆಣ್ಣೆ ಬಳಿದುಬಿಟ್ಟ. ಅದರ ದನಿಯೇ ಕೂತುಹೋಯಿತು. ಜೊತೆಯವರು ಬಿದ್ದು ಬಿದ್ದು ನಕ್ಕರು, ನೆಗಡಿಯಾದ ಎಮ್ಮೆಯನ್ನು ತಂದಿದ್ದಾನೆ ಎಂದರು. ಆದರೆ ಆ ಒಡಕು ದನಿ ಲೋಕದಲ್ಲಿ ಇನ್ನೊಂದಿರಲಿಲ್ಲ. ಹೊಳೆಯ ತಿರುವಿನಲ್ಲಿ ಅವನು ತಂತಿ ಮೀಟಿದರೆ ರೆಮೆತಿ ಮನೆಗೆ ಓಡಿ ಅಕ್ಕಿ ತೊಳೆಯುತ್ತಿದ್ದಳಂತೆ. ಆ ಗಿಟಾರು ಮಳೆಯಲ್ಲಿ ನೆನೆಯಿತು, ಮರಳಿನಲ್ಲಿ ಹೂತುಹೋಯಿತು, ಒಮ್ಮೆ ಹುಟ್ಟು ಮುರಿದಾಗ ಹುಟ್ಟೂ ಆಯಿತು ಎನ್ನುತ್ತಾರೆ. ಈ ಕೊನೆಯದನ್ನು, ನಮಗೆ ಈ ಕತೆ ಹೇಳುತ್ತಿದ್ದ ನಮ್ಮ ದೊಡ್ಡತ್ತೆ ಒಪ್ಪುತ್ತಿರಲಿಲ್ಲ. ಉಳಿದದ್ದನ್ನೆಲ್ಲ ಒಪ್ಪುತ್ತಿದ್ದರು.

ಒಂದು ಮಳೆಗಾಲದ ಕೊನೆಗೆ ಸಾಂತು ಮೇಲೂರಲ್ಲಿದ್ದಾಗ ರೆಮೆತಿಗೆ ಜ್ವರ ಬಂತು. ಆಚೆ ದಡದ ನಾಟಿವೈದ್ಯನ ಹತ್ತಿರ ಕರೆದೊಯ್ಯಲು ಹೆಂಗಸರು ಅವಳನ್ನು ದೋಣಿಗೆ ಹತ್ತಿಸಿದರು. ಆ ದೋಣಿ ಆಚೆ ದಡ ಮುಟ್ಟಲಿಲ್ಲ.

ಸಾಂತುವಿಗೆ ಇದೇನೂ ತಿಳಿಯದು. ದೀಪ ಹಚ್ಚಿದ ಹೊತ್ತಿಗೆ ತಿರುವಿಗೆ ಬಂದ, ಬಾರಿಸಿದ. ದಂಡೆಯಲ್ಲಿ ಯಾರೂ ಏಳಲಿಲ್ಲ. ಜನ ಬಂದು ಸುದ್ದಿ ಹೇಳಿದರು. ಅವಳ ಹೆಸರು ಕೂಗಬೇಕೆಂದು ಬಾಯಿ ತೆರೆದನಂತೆ. ಕಟ್ಟಳೆ ನೆನಪಾಗಿ ಬಾಯಿ ಮುಚ್ಚಿದನಂತೆ. ಮತ್ತೆ ಬಾರಿಸತೊಡಗಿದ.

ಆಮೇಲೆ ಅವನು ಮನೆಗೆ ಹೋಗಲೇ ಇಲ್ಲ ಎನ್ನುತ್ತಾರೆ. ತಿರುವಿನ ಮರಳದಿಬ್ಬದ ಮೇಲೇ ಬಿಡಾರ ಹೂಡಿದ. ಸಂಜೆಯಾದರೆ ಬಾರಿಸುವನು, ನಿಲ್ಲಿಸಿ ಆಲಿಸುವನು, ಮತ್ತೆ ಬಾರಿಸುವನು. ದಿಬ್ಬವನ್ನು ಯಾವ ನೆರೆ ಕೊಂಡೊಯ್ದಿತೋ, ಅವನು ಅದರ ಮೇಲೆ ಇದ್ದನೋ ಇಲ್ಲವೋ, ಹೇಳುವವರಿಲ್ಲ.

ಈಗ ಅಲ್ಲಿ ಇಂಜಿನ್ ದೋಣಿಗಳು ಓಡುತ್ತವೆ. ಆದರೂ ಸಂಜೆ ಆ ತಿರುವು ಬಂದಾಗ ಇಂಜಿನ್ ನಿಲ್ಲಿಸುತ್ತಾರೆ. ಯಾರೂ ಮಾತಾಡುವುದಿಲ್ಲ. ಸ್ವಲ್ಪ ಹೊತ್ತು ದೋಣಿ ತಾನಾಗಿಯೇ ತೇಲುತ್ತದೆ. ಯಾಕೆ ಎಂದು ಹೊಸಬರು ಕೇಳಿದರೆ, ಸಾಂತು ಬಾರಿಸ್ತಾ ಇರಬಹುದು, ಅವಳಿಗೆ ಕೇಳಿಸಲಿ ಅಂತ, ಎನ್ನುತ್ತಾರೆ. ಅವಳ ಹೆಸರನ್ನು ಮಾತ್ರ ಹೇಳುವುದಿಲ್ಲ.