ಬುಗ್ಗವ್ವನ ಹುರಿ ಕಡಿದ ದಿನ

ಭೂಮಿ ಇನ್ನೂ ಹಸಿಹಸಿಯಾಗಿದ್ದಾಗ, ಬಿಸಿಲಿಗೂ ನೀರಿಗೂ ನಡುವೆ ಒಂದು ತೆಳು ಪರದೆಯೂ ಇರದಿದ್ದಾಗ, ಕರಿಬಂಡೆಯ ಗುಂಡಿಯೊಂದರ ನೀರಿನಲ್ಲಿ ಬುಗ್ಗವ್ವ ಎಂಬ ಪುಟಾಣಿ ಜೀವಕೋಶ ಇದ್ದಳು. ಪಕ್ಕದಲ್ಲೇ ಅವಳ ತಂಗಿ ನೊರವ್ವ. ಆ ಬೆಳಿಗ್ಗೆಯಷ್ಟೇ ಒಬ್ಬಳೇ ತಾಯಿ ಎರಡಾಗಿ ಒಡೆದು ಇವರಿಬ್ಬರಾಗಿದ್ದಳು.

ಇಬ್ಬರ ಹೊಟ್ಟೆಯಲ್ಲೂ ಒಂದೇ ತರಹದ ಹುರಿ. ಎರಡು ಎಳೆ ಹೊಸೆದ ಉದ್ದನೆಯ ಹುರಿ, ಅದರ ತುಂಬ ಮಣಿ. ಹೇಗೆ ಉಣ್ಣಬೇಕು, ಎಷ್ಟು ಬೆಳೆಯಬೇಕು, ಯಾವಾಗ ಸಾಕು ಅನ್ನಬೇಕು, ಎಲ್ಲವೂ ಆ ಮಣಿಗಳಲ್ಲೇ ಇತ್ತು.

ಬುಗ್ಗವ್ವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬಿಸಿಲಿಗೆ ಒಂದು ಎಳೆ ಕಡಿದರೆ ಜೊತೆಯ ಎಳೆ ನೋಡಿ ಹೊಂದಿಸುತ್ತಿದ್ದಳು. ಅಷ್ಟರಲ್ಲಿ ಇನ್ನೊಂದು ಕಡೆ ಕಡಿಯುತ್ತಿತ್ತು. ಅಲ್ಲಿಗೆ ಓಡುತ್ತಿದ್ದಳು.

"ಸೂರ್ಯಪ್ಪಾ, ಸ್ವಲ್ಪ ಆಚೆ ತಿರುಗು," ಎಂದಳು.

"ನಾನು ಬೇಕಂತ ಹೊಡೀತೀನೇನಮ್ಮಾ? ನನ್ನ ಬೆಳಕಲ್ಲೇ ಮುಳ್ಳಿದೆ," ಎಂದ ಸೂರ್ಯ.

ಆ ಮಾತು ಮುಗಿಯುವ ಮೊದಲೇ ಚೂಪಾದ ಕಿರಣವೊಂದು ಬಂದು ಎರಡೂ ಎಳೆಗಳನ್ನು ಒಂದೇ ಏಟಿಗೆ ಕತ್ತರಿಸಿತು. ತುದಿಗಳು ವಿಲವಿಲ ಒದ್ದಾಡಿದವು. ನೋಡಿ ಹೊಂದಿಸಲು ಜೊತೆಯ ಎಳೆಯೇ ಇಲ್ಲ!

"ಗಂಟು ಹಾಕಿಬಿಡು," ಎಂದಿತು ಗಾಳಿ.

ಬುಗ್ಗವ್ವ ತುದಿಯ ಜುಂಗು ಚಿವುಟಿ ಬಿಸಾಕಿ ಗಂಟು ಹಾಕಿದಳು. ಚಿವುಟಿದ ಚೂರಿನಲ್ಲೇ 'ಸಾಕು' ಅನ್ನುವ ಮಣಿ ಹೋಗಿತ್ತು. ಅವಳು ಉಂಡಳು, ಉಂಡಳು, ಉಬ್ಬಿದಳು. ನಿಲ್ಲಿಸುವುದು ಹೇಗೆಂದೇ ತಿಳಿಯಲಿಲ್ಲ.

"ನೊರವ್ವಾ, ನನಗೇನೋ ಆಗ್ತಿದೆ ಕಣೇ!"

"ಗಂಟು ಬಿಚ್ಚಕ್ಕಾ. ನಿನ್ನಲ್ಲಿದ್ದದ್ದೇ ನನ್ನಲ್ಲೂ ಇದೆ. ನನ್ನದು ನೋಡ್ಕೊಂಡು ಪೋಣಿಸು." ನೊರವ್ವ ತನ್ನ ಹುರಿಯನ್ನು ಬಿಸಿಲಲ್ಲೇ ಬಿಡಿಸಿ ಹಾಸಿದಳು.

"ಬೇಗ, ಬೇಗ!"

"ಬೇಗ ಬೇಡ. ಮಣಿ ನೋಡು, ಮಣಿ ಪೋಣಿಸು."

ಮಣಿ ನೋಡಿದಳು, ಮಣಿ ಪೋಣಿಸಿದಳು. ಮಣಿ ನೋಡಿದಳು, ಮಣಿ ಪೋಣಿಸಿದಳು. ಕೊನೆಗೆ 'ಸಾಕು' ಕೂಡ ಹುರಿಗೆ ಸೇರಿತು. ಬುಗ್ಗವ್ವನ ಬಾಯಿ ನಿಂತಿತು.

ತಲೆ ಎತ್ತಿ ನೋಡಿದರೆ ಬಿಸಿಲಿಗೆ ತಂಗಿಯ ಹುರಿ ನೂರು ಚೂರು.

"ಹಿಡಿ, ಹಿಡಿ! ಈಗ ನನ್ನದು ನೋಡಿ ನಿನ್ನದು ಸರಿಮಾಡ್ತೀನಿ." ಒಂದು ಚೂರು ಹಿಡಿದರೆ ನಾಲ್ಕು ಜಾರಿದವು.

"ಬಿಡಕ್ಕಾ. ಯಾವುದು ಎಲ್ಲಿಯದೋ ನನಗೇ ಗೊತ್ತಿಲ್ಲ. ಹೀಗೇ ನಾನು ಎರಡಾದರೆ 'ಸಾಕು' ಅನ್ನೋದು ಗೊತ್ತಿಲ್ಲದ ನನ್ನ ಮಕ್ಕಳು ಗುಂಡಿಯನ್ನೆಲ್ಲ ತಿಂದುಹಾಕ್ತಾರೆ. ನಾನು ಇಲ್ಲಿಗೇ ನಿಲ್ತೀನಿ. ನನ್ನಲ್ಲಿ ಉಳಿದದ್ದನ್ನು ನೀನು ಉಣ್ಣು."

ನೊರವ್ವ ತಾನೇ ತಾನಾಗಿ ಕಳಚಿಕೊಂಡು ನೀರಲ್ಲಿ ಹರಡಿಹೋದಳು.

ಬುಗ್ಗವ್ವ ಅಳುತ್ತಲೇ ಉಂಡಳು. ಆಮೇಲೆ ತನ್ನ ಹುರಿಗೆ ಇನ್ನೊಂದು ಪ್ರತಿ ಮಾಡಿದಳು. ಎರಡನ್ನೂ ಪಕ್ಕಪಕ್ಕ ಇಟ್ಟು, ಒಂದೊಂದೇ ಮಣಿ ತಡವಿ ನೋಡದೆ ಅವಳು ಎರಡಾಗಲಿಲ್ಲ. ಅವಳ ಮಕ್ಕಳೂ ಹಾಗೆಯೇ ಮಾಡಿದರು, ಅವರ ಮಕ್ಕಳೂ. ಅವರಲ್ಲಿ ಒಬ್ಬರಿಗೂ ನೆಮ್ಮದಿಯಾಗಿ ಕೂರುವುದು ಮಾತ್ರ ಬರಲಿಲ್ಲ.

ಈಗಲೂ ನೀನು ಇಡೀ ದಿನ ಬಿಸಿಲಲ್ಲಿ ಆಡಿ ಬಂದರೆ ನಿನ್ನ ಚರ್ಮದೊಳಗೆ ಅವಳ ವಂಶದವರು ಹುರಿ ಜೋಡಿಸುತ್ತ ಓಡಾಡುತ್ತಿರುತ್ತಾರೆ, ಜೋಡಿಸಲಾಗದಷ್ಟು ಚೂರಾದವರು ತಾವೇ ಕಳಚಿಕೊಳ್ಳುತ್ತಾರೆ. ನಾಲ್ಕು ದಿನದ ಮೇಲೆ ನಿನ್ನ ಮೂಗಿನ ತುದಿಯಲ್ಲಿ ಈರುಳ್ಳಿಯ ಒಳಪೊರೆಯಷ್ಟು ತೆಳ್ಳಗೆ ಏಳುವ ಸಿಪ್ಪೆ ಇದೆಯಲ್ಲ, ಅದು ಅವರದೇ.