ಫ್ಯೂಸು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದ ಪುಟ್ಟೀರಮ್ಮ

ಬಾಳ ಹಿಂದಿನ ಮಾತು ಕಣ್ರಪ್ಪ. ಎಷ್ಟು ಹಿಂದೆ ಅಂತ ಕೇಳಬೇಡಿ, ಹೇಳಿದ ನಮ್ಮವ್ವನಿಗೇ ಗೊತ್ತಿರಲಿಲ್ಲ. ಒಂದೂರು, ಬಾಚನಕೊಪ್ಪಲು ಅಂತ. ಊರಿಗೆ ಕರೆಂಟ್ ಕಂಬ ಬಂದು ನಿಂತಿದ್ದವು, ಆದ್ರೆ ಮನೆಗಳಿಂದ ಸೀಮೆಎಣ್ಣೆ ಬುಡ್ಡಿ ಇನ್ನೂ ಹೋಗಿರಲಿಲ್ಲ. ಆ ಊರಲ್ಲೊಬ್ಬಳು ಹೆಂಗಸು. ಹೆಸರು ಪುಟ್ಟೀರಮ್ಮ. ಕರೆಂಟ್ ಪುಟ್ಟೀರಮ್ಮ ಅಂದ್ರೇನೇ ಜನಕ್ಕೆ ಗೊತ್ತಾಗ್ತಿದ್ದದ್ದು.

ಅವಳು ಬರಿಗೈಲಿ ತಂತಿ ಹಿಡೀತಿದ್ಲಂತೆ. ಕರೆಂಟು ಅವಳನ್ನ ಕಂಡ್ರೆ ಹೆದರಿ ವಾಪಸ್ಸು ಕಂಬ ಹತ್ತಿಬಿಡ್ತಿತ್ತಂತೆ. ಸತ್ತ ಬಲ್ಬಿಗೆ ಉಫ್ ಅಂದ್ರೆ ಉರೀತಿತ್ತಂತೆ. ಅಂತೆ ಕಂತೆಗಳ ಸಂತೆ! ಮೊನ್ನೆ ಇದೇ ಜಗಲಿ ಮೇಲೆ ಕೂತ್ಕೊಂಡು ನಮ್ಮ ಮರಿಸ್ವಾಮಿ ಹೇಳ್ತಾನೆ, ಸಿಡಿಲನ್ನ ಸೆರಗಲ್ಲಿ ಗಂಟು ಹಾಕಿದ್ಲಂತೆ. ನಿನ್ನ ಬಾಯಿಗೆ ಮಣ್ಣಾಕ! ಹೆದರ್ತಿದ್ದೋಳು ಕಣೋ ಅವಳು. ಕರೆಂಟಿಗೆ ಅವಳಷ್ಟು ಹೆದರೋರು ಆ ಸುತ್ತಮುತ್ತ ಯಾರೂ ಇರಲಿಲ್ಲ. ಪವಾಡ ಮಾಡಿದ್ಲು ಅಂತ ಹೇಳಿಬಿಟ್ರೆ ನಿಮಗೆಲ್ಲ ಸಲೀಸು. ಅವಳಿಗೆ ಊರು ಏನು ಮಾಡ್ತು ಅಂತ ಹೇಳೋದು ತಪ್ತದಲ್ಲ! ಅದನ್ನ ನಾನು ಹೇಳ್ತೀನಿ, ಕೂತ್ಕೊಂಡು ಕೇಳಿ.

ಅವಳ ಗಂಡ ರಾಚಯ್ಯ ವೈರಿಂಗ್ ಕೆಲಸದೋನು. ಅವನು ಏಣಿ ಹತ್ತಿದ್ರೆ ಇವಳು ಕೆಳಗೆ ಏಣಿ ಹಿಡಿಯೋಳು. ವೈರು ಎಳೆಯೋಳು, ತೂತು ಹೊಡೆಯೋಳು, ಹಂಗೇ ನೋಡ್ತಾ ನೋಡ್ತಾ ಕೆಲಸ ಕಲಿತಳು. ಒಂದು ದಿನ ರಾಚಯ್ಯ ಹಿಟ್ಟಿನ ಗಿರಣೀಲಿ ಜಂತೆ ಹತ್ರ ಕೂತು ತಂತಿ ಕೂಡಿಸ್ತಿದ್ದ. ಫ್ಯೂಸು ಕಿತ್ತು ಕೆಳಗೆ ಕಿಟಕಿ ಮೇಲಿಟ್ಟಿದ್ದ. ಬಿಳೀ ಪಿಂಗಾಣೀದು, ಅಂಗೈ ಅಗಲ, ಅದನ್ನ ಕಿತ್ರೆ ತಂತೀಲಿ ಕರೆಂಟು ಹರಿಯಂಗಿಲ್ಲ. ಗಿರಣಿಯೋನು ಒಳಗೆ ಬಂದ, ಫ್ಯೂಸು ಕಂಡ, ಇದ್ಯಾಕೆ ಇಲ್ಲಿದೆ ಅಂತ ಎತ್ತಿ ಸಿಕ್ಕಿಸಿದ. ತಲೆ ಎತ್ತಿ ಮೇಲೆ ನೋಡಲಿಲ್ಲ, ಯಾರಪ್ಪಾ ಇದ್ದೀರ ಅಂತ ಒಂದು ಮಾತು ಕೂಗಲಿಲ್ಲ. ಒಂದು ಕೂಗು ಹಾಕೋಕೆ ಅವನ ಗಂಟೇನು ಹೋಗ್ತಿತ್ತು ಹೇಳಿ? ರಾಚಯ್ಯ ಹೋದ.

ತಿಥಿ ಮುಗೀತು. ಊರಲ್ಲಿ ಅರ್ಧ ಮನೆ ವೈರಿಂಗು ಹಂಗೇ ನಿಂತಿತ್ತು. ಪುಟ್ಟೀರಮ್ಮ ಗಂಡನ ಕಟಿಂಗ್ ಪ್ಲೇಯರು ತಗೊಂಡು ಎದ್ದಳು. ಎದ್ದೋಳು ಒಂದು ನೇಮ ಇಟ್ಕೊಂಡ್ಲು. ಯಾರ ಮನೇಲೇ ಕೆಲಸ ಹಿಡೀಲಿ, ಮೊದಲು ಫ್ಯೂಸು ಕೀಳೋದು, ಸೊಂಟಕ್ಕೆ ಸಿಕ್ಕಿಸ್ಕೊಳ್ಳೋದು. ಕೆಲಸ ಮುಗಿದು ಎಲ್ಲ ಪರೀಕ್ಷೆ ಆಗೋವರೆಗೂ ಅದು ಅಲ್ಲಿಂದ ಈಚೆಗೆ ಬರ್ತಿರಲಿಲ್ಲ. ಉಣ್ಣೋಕೆ ಮನೆಗೆ ಹೋದ್ರೂ ಸೊಂಟದಲ್ಲೇ.

ಊರೋರು ಅವಳನ್ನ ಕರೀತಿದ್ರು, ಇಲ್ಲ ಅನ್ನಲ್ಲ. ಬೇರೆ ಯಾರಿದ್ರು ಕರೆಯೋಕೆ? ಆದ್ರೆ ಕೆಲಸ ಮುಗಿದು ದೀಪ ಹತ್ಸೋ ಗಳಿಗೆ ಬಂತೋ, ಪುಟ್ಟೀರಕ್ಕ ಸ್ವಲ್ಪ ಹಿಂದ್ಗಡೆ ಹೋಗಿರವ್ವ ಅನ್ನೋರು. ಗಂಡ ಸತ್ತೋಳು ಎದುರಿಗೆ ಇರಬಾರದಂತೆ. ಗೋಡೆ ತೂತು ಹೊಡೆಯೋಕೆ ಅವಳು ಬೇಕು, ಅಟ್ಟ ಹತ್ತಿ ಇಲಿ ಪಿಕ್ಕೆ ಬಳಿಯೋಕೆ ಅವಳು ಬೇಕು, ದೀಪ ಹತ್ತೋವಾಗ ಮಾತ್ರ ಬೇಡ! ಥೂ, ನಂಗೆ ಈಗ್ಲೂ ಮೈ ಉರೀತದೆ. ಅವಳು ಹಿತ್ತಲಲ್ಲಿ ಒಲೆ ಬೂದಿ ಗುಡ್ಡೆ ಪಕ್ಕ ನಿಂತಿರೋಳಂತೆ. ಒಳಗೆ ಬಲ್ಬು ಹತ್ತಿ ಜನ ಹೋ ಅಂದಾಗ, ಅಲ್ಲಿಂದಲೇ ಸಾಮಾನು ಎತ್ಕೊಂಡು ಮನೆಗೆ ಹೋಗೋಳಂತೆ.

ಆ ಊರಲ್ಲಿ ಸಿಂಗಾಚಾರಿ ಅಂತ ಒಬ್ಬ ಬಡಗಿ, ತೊಟ್ಟಿಲು ಮಾಡೋನು. ಅವನ ತೊಟ್ಟಿಲಲ್ಲಿ ಮಲಗಿದ ಮಗು ಅಳೋದೇ ಇಲ್ಲ ಅಂತ ಮಾತಿತ್ತು. ಅದೂ ಸುಳ್ಳೇ, ಬಿಡಿ. ಮನೆ ಮಗ್ಗುಲಲ್ಲಿ ವ್ಯಾನು ನಿಲ್ಸೋ ಶೆಡ್ಡಿತ್ತು. ವ್ಯಾನು ಯಾವ ಕಾಲಕ್ಕೋ ಕೆಟ್ಟು ಹೋಗಿತ್ತು, ಆ ಶೆಡ್ಡಲ್ಲಿ ಲೇತು, ಗರಗಸದ ಮಿಷನ್ನು ಇಟ್ಕೊಂಡಿದ್ದ. ಕರೆಂಟು ಎಲ್ಲಿಂದ? ಅಡಿಗೆಮನೆ ಬಲ್ಬಿನ ಹೋಲ್ಡರಿಂದ ಒಂದು ಸಣ್ಣ ವೈರು ಕಿಟಕೀಲಿ ಎಳ್ಕೊಂಡಿದ್ದ. ಲೇತು ತಿರುಗಿದ್ರೆ ಮನೆ ದೀಪ ಕಣ್ಣು ಮುಚ್ಚೋದು, ವೈರು ಮುಟ್ಟಿದ್ರೆ ಕಾದ ಕಾವಲಿ. ಪುಟ್ಟೀರಮ್ಮ ನೋಡಿ ಬೈದಳಂತೆ. ಆಚಾರ್ರೇ, ಇದು ತೊಟ್ಟಿಲಲ್ಲ, ಚಟ್ಟ ಕಟ್ತಾ ಇದ್ದೀರ ಅಂದ್ಲಂತೆ.

ಮೀಟರ್ ಹತ್ರ ಇರೋದು ತಾಯಿ ಬೋರ್ಡು. ಅಲ್ಲಿಂದ ಬೇರೇನೇ ಒಂದು ದಪ್ಪ ವೈರು ಎಳೆದು ಶೆಡ್ಡಿನ ಗೋಡೇಲಿ ಮರಿ ಬೋರ್ಡು ಕೂರಿಸ್ತೀನಿ ಅಂದ್ಲು. ತಾಯೀಲಿ ಶೆಡ್ಡಿಗೇ ಅಂತ ಒಂದು ಫ್ಯೂಸು. ಮರೀಲಿ ಲೇತಿಗೊಂದು ಸ್ವಿಚ್ಚು, ಗರಗಸಕ್ಕೊಂದು, ದೀಪಕ್ಕೊಂದು. ಕರೆಂಟು ಬರೋ ತಂತಿ ಬೇರೆ, ವಾಪಸ್ಸು ಹೋಗೋ ತಂತಿ ಬೇರೆ, ಮಣ್ಣಿಗಿಳಿಯೋ ಅರ್ತು ತಂತಿ ಬೇರೆ, ಒಂದಕ್ಕೊಂದು ಮುಟ್ಟಬಾರದು. ಆಗೆಲ್ಲ ಗೋಡೆ ಮೇಲೆ ಮರದ ಪಟ್ಟಿ ಹೊಡೆದು, ಅದರಲ್ಲಿ ಕೊರೆದ ಕಾಲುವೇಲಿ ವೈರು ಮಲಗಿಸಿ, ಮೇಲೆ ಇನ್ನೊಂದು ಪಟ್ಟಿ ಮುಚ್ತಿದ್ರು. ಸಿಂಗಾಚಾರೀನೇ ಪಟ್ಟಿ ಕೆತ್ತಿಕೊಟ್ಟ. ಚೆನ್ನಾಗಿ ಕೆತ್ತಿದ್ದ, ಅದು ನಿಜ. ಕೆಲಸ ಹಿಡಿದ ದಿನವೇ ಶೆಡ್ಡಿನ ಫ್ಯೂಸು ಅವಳ ಸೊಂಟಕ್ಕೆ ಹೋಯ್ತು.

ಎಲ್ಲ ಕೂರಿಸಿ, ನಾಳೆ ಬೆಳಿಗ್ಗೆ ಬಂದು ಪರೀಕ್ಷೆ ಮಾಡ್ತೀನಿ, ಅಲ್ಲಿವರೆಗೆ ಏನೂ ಮುಟ್ಟಬೇಡಿ ಅಂತ ಹೇಳಿ ಹೋದ್ಲು. ಮಾರನೇ ದಿನ ಸೋಮವಾರ. ಪಂಚಾಂಗದ ಅಯ್ಯನೋರು ರಾಹುಕಾಲ ಹುಟ್ಟೋಕೆ ಮುಂಚೆ ಸ್ವಿಚ್ಚು ಒತ್ತಬೇಕು ಅಂದಿದ್ರು. ಅವಳು ಬಂದಾಗ ಶೆಡ್ಡು ತೊಳೆದು, ರಂಗೋಲಿ ಬಿಟ್ಟು, ಬೋರ್ಡಿನ ಮೇಲೆ ದೇವರ ಪಟ ತಗುಲಿ ಹಾಕಿ, ನೆಂಟರು ಇಷ್ಟರು ಅಂಗಳದಲ್ಲಿ ತುಂಬಿದ್ರು. ಇನ್ನೂ ನೋಡೋದಿದೆ ಅಂದ್ಲು ಪುಟ್ಟೀರಮ್ಮ. ಆಮೇಲೆ ನೋಡೀವಂತೆ ಅಂದ ಸಿಂಗಾಚಾರಿ. ಆಮೇಲೆ ಅನ್ನೋದಿಲ್ಲ ಇದ್ರಲ್ಲಿ ಅಂದ್ಲು. ಅವನ ಹೆಂಡ್ತಿ ಕನಕಮ್ಮ ಹಾರ ಹಿಡ್ಕೊಂಡು ಬಂದೋಳು, ಎಲ್ರೆದುರಿಗೇ, ಗಳಿಗೆ ಮೀರ್ತಾ ಇದೆ, ಅಡ್ಡ ನಿಂತು ಅಪಶಕುನ ಮಾಡಬೇಡ ನಡಿಯಕ್ಕ ಅಂದುಬಿಟ್ಲು. ಒಬ್ಬರಾದ್ರೂ ತಡೆದ್ರಾ? ಸರಿದು ದಾರಿ ಬಿಟ್ರು!

ಪುಟ್ಟೀರಮ್ಮ ಹಿತ್ತಲಿಗೆ ಹೋಗಲಿಲ್ಲ. ಮುಂಬಾಗಿಲಲ್ಲೇ ನಡೆದು, ಬೀದಿ ದಾಟಿ, ಮೋರಿ ಕಟ್ಟೆ ಮೇಲೆ ಕೂತು ಎಲೆಅಡಿಕೆ ಹಾಕ್ಕೊಂಡ್ಲು. ಫ್ಯೂಸು ಮರೆತು ತಗೊಂಡು ಹೋದ್ಲು ಅಂತ ಕೆಲವರು ಹೇಳ್ತಾರೆ. ಮರೆಯೋಳಾ ಅವಳು? ಮುಂದೆ ಆಗೋದು ಕಣ್ಣಿಗೆ ಕಂಡಿತ್ತು ಅಂತ ಇನ್ನು ಕೆಲವರು ಹೇಳ್ತಾರೆ. ಕಣ್ಣಿಗೂ ಕಾಣಲಿಲ್ಲ, ಮೂಗಿಗೂ ಕಾಣಲಿಲ್ಲ. ಸಿಟ್ಟು ಬಂದಿತ್ತು, ಅಷ್ಟೇ. ಮೈಯೆಲ್ಲ ಸಿಟ್ಟು.

ಅಲ್ಲಿ ಮಂಗಳಾರತಿ ಆಯ್ತು. ಸ್ವಿಚ್ಚು ಒತ್ತಿದ್ರು, ಏನಿಲ್ಲ. ಮತ್ತೆ ಒತ್ತಿದ್ರು. ನೆಂಟರು ಕಿಸಕ್ಕಂದ್ರು. ನೋಡು, ಬೆಳಿಗ್ಗೆ ಎದ್ದು ಅವಳ ಮುಖ ನೋಡಿದ್ದಕ್ಕೇ ಹಿಂಗಾಯ್ತು ಅಂತ ಯಾರೋ ಹೇಳಿದ್ರು. ಸಿಂಗಾಚಾರಿ ತಾಯಿ ಬೋರ್ಡು ತೆಗೆದು ನೋಡ್ತಾನೆ, ಶೆಡ್ಡಿನ ಫ್ಯೂಸಿನ ಜಾಗ ಬೋಳು! ಒಂದು ತುಂಡು ತಂತಿ ಸಿಕ್ಕಿಸಿಬಿಡು ಮಾರಾಯ ಅಂದ ಅವನ ಷಡ್ಡಕ. ಸಿಂಗಾಚಾರಿ ಕೈ ಮುಂದೆ ಹೋಯ್ತು. ರಾಚಯ್ಯನ ಹೆಣಾನ ಗಿರಣಿ ಜಂತೆಯಿಂದ ಇಳಿಸಿದವರಲ್ಲಿ ಅವನೂ ಒಬ್ಬ. ಕೈ ಹಿಂದಕ್ಕೆ ಬಂತು.

ಓಡಿ ಬಂದ ಮೋರಿ ಕಟ್ಟೆಗೆ. ಬಾಯಿಗೆ ಬಂದಂಗೆ ಬೈದ. ಮುಂಡೆ ಅಂದ. ನನ್ನ ಮನೆ ಮಾನ ಕಳೆಯೋಕೆ ಕಾದಿದ್ಯಾ ಅಂದ. ಅವಳು ಎಲೆ ಉಗಿದು ಎದ್ದಳಂತೆ. ಹಾಕಿಕೊಡ್ತೀನಿ ಅಂದ್ಲು. ಆದ್ರೆ ಮನೇಲಿರೋ ಒಬ್ಬೊಬ್ಬರ ಹೆಸರೂ ನಾನು ಕೂಗ್ತೀನಿ, ಎಲ್ರೂ ಅಂಗಳಕ್ಕೆ ಬಂದು ಓ ಅನ್ನಬೇಕು, ಎರಡು ಕೈ ಎತ್ತಿ ತೋರಿಸಬೇಕು, ಆಗಲ್ಲ ಅಂದ್ರೆ ಫ್ಯೂಸು ಇಲ್ಲ. ಗಳಿಗೆ ಜಾರ್ತಾ ಇತ್ತು. ಒಪ್ಪದೆ ಏನು ಮಾಡ್ತಾನೆ?

ಕೂಗಿದ್ಲು. ಸಿಂಗಾಚಾರೀನ ಕೂಗಿದ್ಲು, ಓ ಅಂದ. ಕನಕಮ್ಮನ್ನ ಕೂಗಿದ್ಲು, ಹಾರ ಕೆಳಗಿಟ್ಟು ಮೂತಿ ತಿರುವಿ ಕೈ ಎತ್ತಿದ್ಲು. ಮಕ್ಕಳು, ಷಡ್ಡಕ, ನೆಂಟರು, ಎಲ್ಲರ ಹೆಸರೂ ಕೇಳಿ ಕೇಳಿ ಕೂಗಿದ್ಲು. ಕಡೆಗೆ, ಮುದ್ದಮ್ಮನೋರೇ ಅಂದ್ಲು.

ಮುದ್ದಮ್ಮ ಅಂದ್ರೆ ಸಿಂಗಾಚಾರಿ ಹೆತ್ತವ್ವ. ಗಂಡ ಹೋದಾಗಿಂದ ಮನೇಲಿ ಏನು ಒಳ್ಳೇದಾದ್ರೂ ಉಗ್ರಾಣದಲ್ಲಿ ಬಾಗಿಲು ಮುಂದೆ ಮಾಡ್ಕೊಂಡು ಕೂತಿರೋಳು. ಮಗನ ಮದುವೇಲೂ ಅಲ್ಲೇ, ಮೊಮ್ಮಕ್ಕಳ ನಾಮಕರಣದಲ್ಲೂ ಅಲ್ಲೇ. ಮಗ ಮಾಡಿದ ತೊಟ್ಟಿಲಿಗೆ ತನ್ನ ಮೊಮ್ಮಗೂನ ಹಾಕೋದನ್ನ ಬಾಗಿಲ ಸಂದೀಲಿ ನೋಡಿದೋಳು ಅವಳು! ಅತ್ತೆಮ್ಮ ಈಚೆಗೆ ಬರಲ್ಲ, ಬಿಟ್ಟುಬಿಡು ಅಂದ್ಲು ಕನಕಮ್ಮ. ಆಗ ಪುಟ್ಟೀರಮ್ಮ ಒಂದು ಮಾತಾಡಿದ್ಲು. ಅದನ್ನ ನಮ್ಮವ್ವ ಹೆಂಗೆ ಹೇಳಿದ್ಲೋ ಹಂಗೇ ಹೇಳ್ತೀನಿ.

“ಮುತ್ತೈದೆ ಯಾರು, ಮುಂಡೆ ಯಾರು ಅಂತ ಕರೆಂಟು ಕೇಳಲ್ಲ ಕಣವ್ವ. ಆ ಯಮ್ಮನ ಕೈ ಎಲ್ಲಿದೆ ಅಂತ ನಂಗೆ ಕಾಣಬೇಕು. ಉಗ್ರಾಣದಲ್ಲಿ ಏನು ಮುಟ್ಕೊಂಡು ಕೂತವಳೋ ನಂಗೇನು ಗೊತ್ತು? ನನ್ನ ಗಂಡನೂ ಕಾಣದೋರ ಲೆಕ್ಕದಲ್ಲೇ ಇದ್ದ.”

ಸಿಂಗಾಚಾರಿ ಕಾಲು ಕುಟ್ಟಿದ. ಅಯ್ಯನೋರು ಇನ್ನು ರಾಹುಕಾಲ ಹುಟ್ತು ಬಿಡಿ ಅಂತ ಎದ್ದೇ ಹೋದ್ರು. ಅವಳು ಜಗ್ಗಲಿಲ್ಲ, ಮುದ್ದಮ್ಮನೋರೇ ಅಂತ ಮತ್ತೆ ಕೂಗಿದ್ಲು. ಆಗ ಉಗ್ರಾಣದ ಬಾಗಿಲು ಕಿರ್ ಅಂತು. ಮುದುಕಿ ಗೋಡೆ ಹಿಡ್ಕೊಂಡು, ನಡುಮನೆ ದಾಟಿ, ಹೊಸಿಲು ದಾಟಿ, ಅಷ್ಟು ಜನದ ಮಧ್ಯೆ ಬಿಸಿಲಿಗೆ ಬಂದು ನಿಂತ್ಲು. ಇದ್ದೀನಿ ಕಣವ್ವ ಅಂದ್ಲು. ಎರಡು ಕೈನೂ ಎತ್ತಿದ್ಲು.

ಪುಟ್ಟೀರಮ್ಮ ಸೊಂಟದಿಂದ ಫ್ಯೂಸು ತೆಗೆದು ಸಿಕ್ಕಿಸಿದ್ಲು. ಯಾರೂ ಕದಲಬೇಡಿ ಅಂತ ಹೇಳಿ ಶೆಡ್ಡಿಗೆ ಹೋದ್ಲು. ಅವಳ ಹತ್ರ ಒಂದು ಬಲ್ಬಿತ್ತು, ಹೋಲ್ಡರಿಗೆ ಎರಡು ವೈರು ಕಟ್ಟಿದ್ದು, ಪರೀಕ್ಷೆಗೆ. ಅದು ಉರಿದ್ರೆ ಮುಟ್ಟಿದ ಕಡೆ ಕರೆಂಟು ಸೋರ್ತಾ ಇದೆ ಅಂತ ಲೆಕ್ಕ. ಒಂದು ವೈರನ್ನ ಅರ್ತಿಗೆ ಹಿಡಿದು ಇನ್ನೊಂದನ್ನ ಲೇತಿಗೆ ಮುಟ್ಟಿಸಿದ್ಲು, ಉರೀಲಿಲ್ಲ. ಗರಗಸಕ್ಕೆ ಮುಟ್ಟಿಸಿದ್ಲು, ಉರೀಲಿಲ್ಲ. ತಿರುಗೋವಾಗ ದೇವರ ಪಟದ ತಗಡಿನ ಚೌಕಟ್ಟಿಗೆ ತಾಕಿಸಿದ್ಲು ನೋಡಿ, ಬಲ್ಬು ಭಗ್ ಅಂತ ಹತ್ತಿಕೊಳ್ತು!

ಏನಾಗಿತ್ತು ಗೊತ್ತಾ? ಹಿಂದಿನ ಸಂಜೆ ಅವಳು ಮುಟ್ಟಬೇಡಿ ಅಂತ ಹೇಳಿ ಹೋದ ಮೇಲೆ ಸಿಂಗಾಚಾರಿ ಪಟ ಹಾಕೋಕೆ ಮೊಳೆ ಹೊಡೆದಿದ್ದ. ಕಲ್ಲು ಗೋಡೆ, ಮೊಳೆ ಹಿಡೀಲಿಲ್ಲ. ಮರದ ಪಟ್ಟಿ ಕಾಣ್ತಲ್ಲ, ಮರ ಕಂಡ್ರೆ ಬಡಗಿ ಕೈ ಸುಮ್ನಿರ್ತದಾ? ತಾನೇ ಕೆತ್ತಿದ ಪಟ್ಟಿ, ಒಳಗೆ ವೈರು ಮಲಗಿರೋದು ತಾನೇ ನೋಡಿದ್ದ, ಆದ್ರೂ ಮರ ಅಂತ ಹೊಡೆದ. ನೆಟ್ಟಗೆ ವೈರಿನ ನಡುಮಧ್ಯಕ್ಕೆ ಇಳಿದಿತ್ತು. ಮೊಳೆಗೆ ಪಟ ನೇತುಹಾಕೋ ತಂತಿ, ತಂತಿಗೆ ತಗಡಿನ ಪಟ. ಸ್ವಿಚ್ಚು ಒತ್ತಿದ ಮೇಲೆ ಆ ಪಟಕ್ಕೆ ಕನಕಮ್ಮ ಬರಿಗಾಲಲ್ಲಿ, ತೊಳೆದ ನೆಲದ ಮೇಲೆ ನಿಂತು, ಒದ್ದೆ ಹಾರ ಹಾಕಬೇಕಿತ್ತು.

ಕನಕಮ್ಮ ಪುಟ್ಟೀರಮ್ಮನ ಕಾಲಿಗೆ ಬಿದ್ಲು ಅಂತ ಹೇಳ್ತಾರೆ. ಬಿದ್ರೆ ಏನು ಬಂತು? ಬೀಳೋ ಕಾಲನ್ನೇ ಅಲ್ವಾ ಬೆಳಿಗ್ಗೆ ಹೊರಗಟ್ಟಿದ್ದು! ಪುಟ್ಟೀರಮ್ಮ ಮತ್ತೆ ಫ್ಯೂಸು ಕಿತ್ತು ಸೊಂಟಕ್ಕೆ ಸಿಕ್ಕಿಸಿ, ಮೊಳೆ ಎಳೆದು, ವೈರು ಬದಲಾಯಿಸಿ, ಪಟವನ್ನ ಎದುರು ಗೋಡೆಗೆ ಹಾಕಿಸಿದ್ಲು. ಮತ್ತೆ ಎಲ್ಲರ ಹೆಸರೂ ಕೂಗಿದ್ಲು. ಮುದ್ದಮ್ಮ ಅಂಗಳ ಬಿಟ್ಟು ಕದಲಿರಲಿಲ್ಲ, ಎಲ್ಲರಿಗಿಂತ ಜೋರಾಗಿ ಓ ಅಂದ್ಲು. ಫ್ಯೂಸು ಕೂತ್ಕೊಳ್ತು.

ಈಗ ಸ್ವಿಚ್ಚು ಒತ್ತೋರು ಯಾರು? ರಾಹುಕಾಲ ನಡೀತಿತ್ತು. ಕನಕಮ್ಮ ಹಿಂದೆ ಸರಿದ್ಲು. ಬಂದಿದ್ದ ಮುತ್ತೈದೇರೆಲ್ಲ ಒಬ್ಬರ ಮುಖ ಒಬ್ಬರು ನೋಡಿದ್ರು. ಆಗ ಮುದ್ದಮ್ಮ, ಸರೀರೇ ಅತ್ಲಾಗೆ, ರಾಹು ನನ್ನ ಹತ್ರ ಇನ್ನೇನು ಕಿತ್ಕೊಂಡಾನು ಅಂತ ಶೆಡ್ಡಿಗೆ ನಡೆದು, ಯಾರನ್ನೂ ಕೇಳದೆ ಸ್ವಿಚ್ಚು ಒತ್ತಿದ್ಲು. ಲೇತು ಗಿರ್ರಂತ ತಿರುಗ್ತು. ಪುಟ್ಟೀರಮ್ಮ ಅವಳ ಪಕ್ಕದಲ್ಲೇ ನಿಂತಿದ್ಲು, ಹಿತ್ತಲಲ್ಲಲ್ಲ.

ಪುಟ್ಟೀರಮ್ಮ ಹೋಗಿ ಎಷ್ಟೋ ಕಾಲ ಆಯ್ತು. ಈಗ ಕೆಲವರು ಅವಳಿಗೊಂದು ಗುಡಿ ಕಟ್ಟೋಣ, ಕೈಲಿ ಮಿಂಚು ಕೊಡೋಣ ಅಂತ ಓಡಾಡ್ತಾ ಇದ್ದಾರೆ. ಬದುಕಿದ್ದಾಗ ಹೊಸಿಲೊಳಗೆ ನಿಲ್ಸದೋರು ಸತ್ತ ಮೇಲೆ ಗುಡಿ ಕಟ್ತಾರಂತೆ! ಗುಡಿ ಬೇಡ ಕಣ್ರಪ್ಪ. ಬಾಚನಕೊಪ್ಪಲಲ್ಲಿ ಇವತ್ತಿಗೂ ಒಂದು ಪದ್ಧತಿ ಇದೆ, ಅಷ್ಟು ಸಾಕು. ಯಾರ ಮನೇಲಿ ಹೊಸ ಬೋರ್ಡು ಕೂರಿಸಿದ್ರೂ, ಶೆಡ್ಡಿಗಾಗಲಿ ಕೊಟ್ಟಿಗೆಗಾಗಲಿ, ಕೆಲಸದೋನು ಅಂಗಳದಲ್ಲಿ ನಿಂತು ಮನೆಯೋರ ಹೆಸರೆಲ್ಲ ಕೂಗ್ತಾನೆ. ಮೊದಲ ಹೆಸರು ಆ ಮನೇಲಿ ಗಂಡ ಸತ್ತೋಳಿದ್ರೆ ಅವಳದು. ಅವಳು ಈಚೆಗೆ ಬಂದು ಕೈ ಎತ್ತೋವರೆಗೂ ಫ್ಯೂಸು ಅವನ ಸೊಂಟದಲ್ಲೇ ಇರ್ತದೆ.

ನಿಮ್ಮಜ್ಜ ತೀರಿಕೊಂಡ ವರ್ಷ ಈ ಮನೆ ಹಿಂದಿನ ಶೆಡ್ಡಿಗೆ ಬೋರ್ಡು ಹಾಕಿಸಿದ್ವಿ. ಬಾಚನಕೊಪ್ಪಲಿಂದಲೇ ಬಂದಿದ್ದ ಆ ಕೆಲಸದೋನು. ನಾನು ಒಳಗೆ ಕತ್ತಲಲ್ಲಿ ಗೋಡೆ ಕಡೆ ಮುಖ ಮಾಡ್ಕೊಂಡು ಕೂತಿದ್ದೆ. ಅವನು ಅಂಗಳದಲ್ಲಿ ನಿಂತು, ಎಲ್ಲರಿಗಿಂತ ಮೊದಲು, ನನ್ನ ಹೆಸರು ಕೂಗಿದ.