ಗೀಜಗದ ಗುಟ್ಟಿನ ಮಾತು

ಗೀಜಗವೊಂದು ಗೂಡು ನೇಯ್ದು ಮಾರುತ್ತಿತ್ತು. ಪ್ರತಿ ಗೂಡಿಗೂ ಒಂದು ಗುಟ್ಟಿನ ಮಾತು. ಅದನ್ನು ಹೇಳಿದರಷ್ಟೇ ಬಾಗಿಲು ತೆರೆಯುತ್ತಿತ್ತು. ಗುಬ್ಬಿಯೊಂದು ಹತ್ತು ದಿನ ಹುಲ್ಲು ಹೊತ್ತುಕೊಟ್ಟು ಒಂದು ಗೂಡು ಕೊಂಡು, ಜಾಲಿಮರಕ್ಕೆ ಕಟ್ಟಿಕೊಂಡಿತು.

ಒಂದು ದಿನ ಗಾಳಿಗೆ ಜಾಲಿಯ ಕೊಂಬೆ ಮುರಿಯಿತು. ಗುಬ್ಬಿ ಗೂಡನ್ನು ಪಕ್ಕದ ಬೇವಿಗೆ ಸಾಗಿಸಿ ಗುಟ್ಟಿನ ಮಾತು ಹೇಳಿತು. ಬಾಗಿಲು ತೆರೆಯಲಿಲ್ಲ. ಒಳಗೆ ಮೊಟ್ಟೆಗಳಿದ್ದವು.

ಗುಬ್ಬಿ ಗೀಜಗದ ಮರಕ್ಕೆ ಹಾರಿ ಹೋಗಿ ಕೇಳಿತು. "ಆ ಮಾತು ಜಾಲಿಗೆ ಮಾತ್ರ. ಬೇವಿಗೆ ಬೇರೆ ಮಾತು ಕೊಳ್ಳಬೇಕು," ಎಂದಿತು ಗೀಜಗ.

"ನನ್ನ ಹತ್ತಿರ ಕದ್ದ ಮಾತಿದೆ, ಪುಕ್ಕಟೆ ತೆಗೆದುಕೊ," ಎಂದಿತು ಪಕ್ಕದ ಕೊಂಬೆಯಲ್ಲಿದ್ದ ಕಾಗೆಯೊಂದು.

"ಕೊಂಡವಳು ನಾನು. ಕಳ್ಳಿಯ ಹಾಗೆ ನನ್ನ ಮನೆಗೆ ನುಗ್ಗಲಾರೆ," ಎಂದು ಗುಬ್ಬಿ ಕಾಗೆಯನ್ನು ಅಟ್ಟಿ, ಗೀಜಗದ ಕಡೆ ತಿರುಗಿತು. "ನಿಮ್ಮ ನೇಯ್ಗೆಯನ್ನು ನಾನು ನಕಲು ಮಾಡಿಲ್ಲ, ಯಾರಿಗೂ ಹಂಚಿಲ್ಲ. ನೇಯುವ ಹಕ್ಕು ನಿಮ್ಮದಾದರೆ, ಕೊಂಡ ಗೂಡಿನಲ್ಲಿ ಇರುವ ಹಕ್ಕು ನನ್ನದು. ಇನ್ನೊಂದು ಹುಲ್ಲುಕಡ್ಡಿಯನ್ನೂ ಕೊಡುವುದಿಲ್ಲ."

ಗುಬ್ಬಿ ಗೀಜಗದ ಮರದಲ್ಲೇ ಕೂತು, ಗೂಡು ಕೊಳ್ಳಲು ಬಂದ ಹಕ್ಕಿಗಳಿಗೆಲ್ಲ ನಡೆದದ್ದನ್ನು ಹೇಳಿತು. ಗೀಜಗ ಗದರಿತು, ಗುಬ್ಬಿ ಕದಲಲಿಲ್ಲ. ಹಕ್ಕಿಗಳು ಒಂದೊಂದಾಗಿ ಕೊಳ್ಳದೆ ಹಾರಿಹೋದವು. ಹೊತ್ತು ಇಳಿಯುವ ಮೊದಲೇ ಗೀಜಗ ತಾನಾಗಿ ಬೇವಿಗೆ ಬಂದು ಬಾಗಿಲು ತೆರೆಯಿತು.

ಗುಬ್ಬಿ ಉಪಕಾರವಾಯಿತು ಎನ್ನಲಿಲ್ಲ. ನೇರ ಒಳಗೆ ಹೋಗಿ ಮೊಟ್ಟೆಗಳ ಮೇಲೆ ಕೂತಿತು.